ಸೊನ್ನೆ ಹೇಳದ ಚಕ್ರ

ಆಗೆಲ್ಲ ತುಮಕೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಕ್ಯಾಲ್ಕುಲೇಟರ್ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಲೆಕ್ಕದ ಚಕ್ರವಿತ್ತು. ಒಂದರ ಮೇಲೊಂದು ಕೂತ, ಅಂಗೈಯಗಲದ ಎರಡು ಬಿಳಿ ಬಿಲ್ಲೆಗಳು. ಅಂಚಿನ ತುಂಬ ಅಂಕಿ, ಮೇಲೆ ಕೂದಲೆಳೆಯಂಥ ಕೆಂಪು ಗೆರೆ. ಬಿಲ್ಲೆ ತಿರುಗಿಸಿ ಗೆರೆ ಕೂರಿಸಿದರೆ ಗುಣಾಕಾರ, ಭಾಗಾಕಾರ ಮುಗಿಯಿತು. ಅಪ್ಪ ಕೆರೆ ಏರಿಗಳ ರಿಪೇರಿ ನೋಡಿಕೊಳ್ಳುವ ಓವರ್‌ಸಿಯರ್. ಸದಾ ಅವರ ಜೇಬಿನಲ್ಲೇ ಇದ್ದು ಚಕ್ರಕ್ಕೂ ನಶ್ಯದ ವಾಸನೆ ಹತ್ತಿತ್ತು.

ಅದಕ್ಕೊಂದು ಕೊರತೆ. ಇಪ್ಪತ್ತಾಗಲಿ, ಇನ್ನೂರಾಗಲಿ, ತೋರಿಸುವುದು ಬರೀ ಎರಡು. "ಅಂಕಿ ಅದು ಹೇಳುತ್ತೆ, ಸೊನ್ನೆ ನಾವೇ ಹಾಕ್ಬೇಕು ಕಣೇ. ಮೊದ್ಲು ಅಂದಾಜು ಹೇಳು, ಆಮೇಲೆ ತಿರುಗ್ಸು" ಅನ್ನುತ್ತಿದ್ದರು ಅಪ್ಪ. ಸಂಜೆ ಹುರಿದ ಕಡಲೆಕಾಯಿ ಮುಂದಿಟ್ಟುಕೊಂಡು ನಮ್ಮಿಬ್ಬರಿಗೂ ಇದೇ ಆಟ. ಅಂದಾಜು ಸರಿಯಾದರೆ ಬೆಲ್ಲದ ಚೂರು, ಸೊನ್ನೆ ತಪ್ಪಿದರೆ ತಲೆಗೊಂದು ಮೊಟಕು.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆ. ಗುಬ್ಬಿ ಕಡೆ ಒಂದು ಸಣ್ಣ ಕೆರೆಯ ಏರಿ ಕುಸಿದಿತ್ತು. ಮಳೆಗೆ ಮುಂಚೆ ಮುಚ್ಚದಿದ್ದರೆ ಕೆಳಗಿನ ಮನೆಗಳಿಗೆ ನೀರು ನುಗ್ಗುವ ಭಯ. ಅಪ್ಪ ಜಗಲಿಯಲ್ಲಿ ಕೂತು ಚಕ್ರ ತಿರುಗಿಸಿ, "ಇಪ್ಪತ್ತು ಗಾಡಿ ಮಣ್ಣು ಸಾಕು" ಅಂದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ನಕ್ಕೆ.

"ಇನ್ನೂರು ಕಣಪ್ಪಾ."

ಅವರು ನಗಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ ಎರಡೇ ಬಂತು. "ಇದ್ರಲ್ಲಿ ಎರಡು ಅಂತಲೇ ಇದೆಯಲ್ಲಮ್ಮಾ" ಅಂದರು.

ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. "ಮೊನ್ನೆ ನಿಮ್ಮಪ್ಪ ಗುಬ್ಬಿಗೆ ಹೋಗೋರು ಕುಣಿಗಲ್ ಬಸ್ ಹತ್ಬಿಟ್ಟಿದ್ರು ಕಣೇ. ಆಫೀಸಲ್ಲಿ ಗೊತ್ತಾದ್ರೆ ಕೆಲ್ಸ ಉಳಿಯಲ್ಲ. ರಜ ಅಲ್ವಾ, ಜೊತೇಲಿ ಹೋಗ್ಬಾ" ಅಂದಳು. ಒಗ್ಗರಣೆ ಸೀದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಅಂದಿನಿಂದ ದಿನವೂ ಅಪ್ಪನ ಜೊತೆ ಹೋದೆ. ಏರಿಯ ಮೇಲೆ ಎಲ್ಲರೆದುರು ಅವರು ಹಳೆಯ ಗತ್ತಿನಲ್ಲೇ ಕೇಳುತ್ತಿದ್ದರು, "ಏನಮ್ಮಾ, ಅಂದಾಜು ಎಷ್ಟು?" ನಾನು ಹೇಳಿದ್ದನ್ನೇ ಮೇಸ್ತ್ರಿಗೆ ದಾಟಿಸುತ್ತಿದ್ದರು. "ಸಾರು ಮಗಳ್ನ ಎಂಗೆ ತಯಾರು ಮಾಡವ್ರೆ ನೋಡ್ಲಾ" ಎಂದು ಮೇಸ್ತ್ರಿ ಆಳುಗಳಿಗೆ ಹೇಳುತ್ತಿದ್ದ. ಅದು ಪರೀಕ್ಷೆಯಲ್ಲ, ನಿಜಕ್ಕೂ ಕೇಳುತ್ತಿದ್ದಾರೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಒಂದು ದಿನ ಏರಿಗೆ ಹೊದಿಸುವ ಕಲ್ಲಿನ ಲೆಕ್ಕ ಬಂದಾಗ ತಡೆಯಲಾರದೆ, ಐನೂರು ಎನ್ನಬೇಕಾದಲ್ಲಿ ಬೇಕೆಂದೇ "ಐವತ್ತು" ಅಂದೆ. ಮೊಟಕಲಿ ಎಂದು ತಲೆಯನ್ನೂ ತುಸು ಬಗ್ಗಿಸಿದೆ. ಅಪ್ಪ ಚಕ್ರ ನೋಡಿದರು. ಗೆರೆ ಐದರ ಮೇಲಿತ್ತು. "ಸರಿಯಾಗಿದೆ" ಎಂದು ತಲೆ ಸವರಿ, ಮೇಸ್ತ್ರಿಯ ಕಡೆ ತಿರುಗಿದರು, "ಐವತ್ತು ಕಲ್ಲು ಹೇಳಪ್ಪ." ಓಡಿಹೋಗಿ ಮೇಸ್ತ್ರಿಗೆ ಐನೂರು ಎಂದು ತಿದ್ದಿ ಹೇಳಿದೆ. ಮಳೆ ಬಂದಾಗ ಏರಿ ನಿಂತಿತು. ಅಪ್ಪನ ಕೆಲಸ ಮಾತ್ರ ಆ ವರ್ಷದ ಕೊನೆಯವರೆಗೂ ಉಳಿಯಲಿಲ್ಲ.

ಈಗ ಫೋನು ಸೊನ್ನೆಗಳನ್ನೂ ಸೇರಿಸಿಯೇ ಉತ್ತರ ಕೊಡುತ್ತದೆ. ಅಂದಾಜು ಯಾರೂ ಕೇಳುವುದಿಲ್ಲ. ಚಕ್ರ ಹಳದಿಯಾಗಿ ನನ್ನ ಬೀರುವಿನಲ್ಲಿದೆ, ನಶ್ಯದ ವಾಸನೆ ಹೋಗಿದೆ. ಆಗಾಗ ತೆಗೆದು ತಿರುಗಿಸುತ್ತೇನೆ, ಬೇಕೆಂದೇ ತಪ್ಪು ಅಂದಾಜು ಹೇಳುತ್ತೇನೆ. ಮೊಟಕುವವರಿಲ್ಲ.