ತ್ರಿಶಲಾ ವೈನಿ ಕೇಳಿದ ಕ್ಷಮೆ

ಸಿಟ್ಟು ಬಂದಾಗ ಕೂಗಾಡುವವರ ಜೊತೆ ಹೇಗೋ ಬಾಳುವೆ ಮಾಡಬಹುದು. ಸಿಟ್ಟು ಬಂದಾಗ ಮೆಲ್ಲಗೆ ಮಾತಾಡುವವರ ವಿಷಯದಲ್ಲಿ ಹುಷಾರಾಗಿರಬೇಕು. ನಿಪ್ಪಾಣಿಯ ತಂಬಾಕು ವ್ಯಾಪಾರಿ ಶ್ರೇಣಿಕನ ಹೆಂಡತಿ ತ್ರಿಶಲಾ ಈ ಎರಡನೆಯವರ ಪೈಕಿ. ಮಗಳು ಕಾಜಲ ಮದುವೆಯಾಗಿ ಅಥಣಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತದೆಂದು ತವರಿನ ತಮ್ಮ ಅವಳಿಗೊಂದು ಕ್ಯಾಮೆರಾ ಕೊಡಿಸಿದ. ಲೆನ್ಸ್ ಬಿಚ್ಚಿ ಬೇರೆ ಲೆನ್ಸ್ ಹಾಕುವಂಥ ದೊಡ್ಡ ಕ್ಯಾಮೆರಾ. ಆಗ ಅವಳಿಗೆ ನಲವತ್ನಾಲ್ಕು ವರ್ಷ. ಒಂದೇ ಒಂದು ಆಸೆ ಇತ್ತು: ಜೈನ ಸಮಾಜದವರು ಪ್ರತಿ ವರ್ಷ ಹೊರಡಿಸಿ ಮನೆಮನೆಗೂ ಕೊಡುವ ಕ್ಯಾಲೆಂಡರಿನಲ್ಲಿ ತನ್ನದೊಂದು ಫೋಟೋ, ಅದರ ಕೆಳಗೆ ತನ್ನ ಹೆಸರು.

ಅವರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಹೀಗಾಗಿ ಬಿಸಿಲು ಬಂಗಾರದಂತಾಗುವ ಹೊತ್ತಿಗೆ ಸರಿಯಾಗಿ ತ್ರಿಶಲಾ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಅವಳ ಪಾಲಿಗೆ ಉಳಿದದ್ದು ಮುಂಜಾನೆಯ ಬೆಳಕು. ಆ ಹೊತ್ತಿನಲ್ಲಿ ಗಂಡನ ಗೋದಾಮಿನ ಹಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು, ತಂಬಾಕು ಆರಿಸುವ ಹೆಂಗಸರ ಕೈಮೇಲೆ ಬೀಳುತ್ತಿತ್ತು. ಅದನ್ನು ನೋಡಿ ಮರುಳಾದವಳು ಅಲ್ಲೇ ನಿಂತು ಲೆನ್ಸ್ ಬದಲಿಸುತ್ತಿದ್ದಳು. ತಂಬಾಕಿನ ಧೂಳು ಮನುಷ್ಯರನ್ನೇ ಸೀನಿಸುತ್ತದೆ, ಬಾಯಿ ತೆರೆದಿಟ್ಟ ಕ್ಯಾಮೆರಾವನ್ನು ಬಿಟ್ಟೀತೆ? ತಿಂಗಳೊಪ್ಪತ್ತಿನಲ್ಲಿ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಆರೇಳು ಕಪ್ಪು ಚುಕ್ಕೆಗಳು ಕಾಣಿಸತೊಡಗಿದವು.

ಒಳಗೆ ಕೂತ ಧೂಳನ್ನು ಬಹಳ ಮೃದುವಾದ ವಸ್ತುವಿನಿಂದ ತೆಗೆಯಬೇಕೆಂದು ಎಲ್ಲೋ ಓದಿದಳು. ಜೈನರ ಮನೆಯಲ್ಲಿ ಬೆಳೆದವರಿಗೆ ಮೃದು ಎಂದೊಡನೆ ನೆನಪಾಗುವುದು ಒಂದೇ: ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿ. ಕೂರುವ ಜಾಗದಲ್ಲಿ ಇರುವೆಯಿದ್ದರೆ ಅದಕ್ಕೂ ನೋವಾಗದಂತೆ ಸರಿಸುವ ಗರಿಗಳು. ವರ್ಷಕ್ಕೊಮ್ಮೆ ಮುನಿಗಳು ಹೊಸ ಪಿಂಛಿ ಹಿಡಿದು, ಹಳೆಯದನ್ನು ವ್ರತ ಹಿಡಿದ ಗೃಹಸ್ಥರಿಗೆ ಕೊಡುತ್ತಾರೆ. ಅಂಥದೊಂದು ಪಿಂಛಿ ಅತ್ತೆ ಲಕ್ಷ್ಮಿಬಾಯಿಯವರ ದೇವರ ಕಪಾಟಿನಲ್ಲಿತ್ತು. ತ್ರಿಶಲಾ ಕದ್ದು ಅದರಿಂದ ಒಂದು ಗರಿ ಎಳೆದು ಕ್ಯಾಮೆರಾದ ಒಳಗೆ ಸವರಿದಳು. ಧೂಳು ಹೋಗುವುದಿರಲಿ, ಗರಿಯ ಜಿಡ್ಡು ಹತ್ತಿ ಚುಕ್ಕೆಗಳಿದ್ದ ಕಡೆ ಉದ್ದುದ್ದ ಗೆರೆಗಳು ಬಂದವು.

ಹೆದರಿ ಚಿಕ್ಕೋಡಿಯ ಕುನಾಲನ ಸ್ಟುಡಿಯೋಗೆ ಓಡಿದಳು. ಸಮಾಜದ ಕಾರ್ಯಕ್ರಮಗಳ ಫೋಟೋಗ್ರಾಫರ್ ಅವನೇ, ಕ್ಯಾಲೆಂಡರ್ ಮಾಡಿಕೊಡುವವನೂ ಅವನೇ, ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವನು. ಡಾಕ್ಟರ ಮುಂದೆ ಮುಚ್ಚಿಡಬಾರದೆಂಬ ಹಾಗೆ ಅವಳು ಗರಿಯ ವಿಷಯವನ್ನೂ ಹೇಳಿದಳು. ಅವನು ಕ್ಯಾಮೆರಾದೊಳಗೆ ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದ.

"ವೈನಿ, ಇದರ ಫೋಟೋ ಹಿಡಿಯೂ ಸೆನ್ಸರ್ ಸತ್ತೈತ್ರಿ. ನವಿಲಗರಿ ಹಾಕಿ ತಿಕ್ಕಿದ ಮ್ಯಾಲೆ ಉಳೀತೈತೇನ್ರಿ? ಇಲ್ಲೇ ಬಿಡ್ರಿ, ಬಿಡಿಭಾಗಕ್ಕರ ಬರತೈತಿ. ನಿಮಗ ಕಲಿಯಾಕ ಈ ಹಳೇದೊಂದು ಒಯ್ರಿ."

ತನ್ನಿಂದಲೇ ಹಾಳಾಯಿತಲ್ಲ ಎಂದು ಹಳಹಳಿಸುತ್ತ, ಅವನು ಕೊಟ್ಟ ಹಳೆಯ ಕ್ಯಾಮೆರಾ ಹಿಡಿದು ಅವಳು ಮನೆಗೆ ಬಂದಳು. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಂದಿನ ಭಾನುವಾರ ಸಮಾಜದ ಭವನದಲ್ಲಿ ಊಟದ ಪಂಕ್ತಿಯ ನಡುವೆ ನಿಂತು, ವೈನಿ ಕ್ಯಾಮೆರಾಕ್ಕೆ ಹೇಗೆ ಪಿಂಛಿ ಸೇವೆ ಮಾಡಿದರು ಎಂದು ಕುನಾಲ ಅಭಿನಯ ಸಮೇತ ಮಾಡಿ ತೋರಿಸಿದ. ಜನ ಬಿದ್ದುಬಿದ್ದು ನಕ್ಕರು. ಅಂದಿನಿಂದ ಅವಳು 'ನವಿಲಗರಿ ವೈನಿ' ಆದಳು.

ಲಕ್ಷ್ಮಿಬಾಯಿ ಒಬ್ಬರೇ ನಗಲಿಲ್ಲ. ಬೈಯಲೂ ಇಲ್ಲ. ಸೊಸೆಯ ತಪ್ಪಿಗೆ ಪ್ರಾಯಶ್ಚಿತ್ತವೆಂದು ಎಪ್ಪತ್ನಾಲ್ಕರ ಆ ಮುದುಕಿ ಮೂರು ದಿನ ಬರೀ ಕಾಯಿಸಿದ ನೀರು ಕುಡಿದು ಉಪವಾಸ ಇದ್ದರು. ಮೂರನೆಯ ದಿನ ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆಯನ್ನು ನೋಡಿ ತ್ರಿಶಲಾ ಓಡಿಹೋಗಿ ಕೈ ಹಿಡಿದಳು. ತಾನು ಮಾಡಿದ ತಪ್ಪಿಗೆ ಅವಳು ತಲೆ ತಗ್ಗಿಸಿದಳು. ಆದರೆ ನಂಬಿ ಹೇಳಿದ ಮಾತನ್ನು ಊಟದ ಪಂಕ್ತಿಯಲ್ಲಿ ಬಡಿಸಿದವನನ್ನು ಅವಳು ಮರೆಯಲಿಲ್ಲ.

ಅವನು ಕೊಟ್ಟ ಹಳೆಯ ಕ್ಯಾಮೆರಾದಲ್ಲಿ ಫೋಕಸ್ ತಾನಾಗಿಯೇ ಕೂರುತ್ತಿರಲಿಲ್ಲ. ಕೈಯಿಂದಲೇ ಉಂಗುರ ತಿರುವಬೇಕು. ಅವಳು ತಿರುವಿದಳು. ಮೊದಲ ಮೂರು ತಿಂಗಳು ಎಲ್ಲವೂ ಮಸುಕು. ಆಮೇಲೆ ಉಸಿರು ಬಿಗಿಹಿಡಿದು ಗುಂಡಿ ಒತ್ತುವುದು, ಮುಖಕ್ಕಿಂತ ಮೊದಲು ಬೆಳಕು ಎಲ್ಲಿದೆ ಎಂದು ನೋಡುವುದು, ಒಂದೇ ಕಂಬಕ್ಕೆ ಆತು ಅರ್ಧ ತಾಸು ಕಾಯುವುದು ಕೈಗೆ ಹತ್ತಿತು. ಗೋದಾಮಿನಲ್ಲಿ ತಂಬಾಕು ಆರಿಸುವ ಮಲಕವ್ವ ಕೊನೆಗೆ ಅವಳು ಅಲ್ಲಿರುವುದನ್ನೇ ಮರೆತು ತನ್ನ ಪಾಡಿಗೆ ತಾನು ಆಕಳಿಸತೊಡಗಿದಳು. ಆ ಆಕಳಿಕೆಯ ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ ಶ್ರೇಣಿಕ ಲೆಕ್ಕದ ನಡುವೆ ಎರಡು ಸಲ ಎದ್ದು ಬಂದು ನೋಡಿದ. ಪ್ರೀತಿಯಿಂದ ಕಲಿಯುವವರಿದ್ದಾರೆ, ಭಯದಿಂದ ಕಲಿಯುವವರಿದ್ದಾರೆ. ತ್ರಿಶಲಾ ಹಟದಿಂದ ಕಲಿತಳು.

ಕಲಿಯುತ್ತ ಕಲಿಯುತ್ತ ಒಂದು ವಿಡಿಯೋದಲ್ಲಿ ತನ್ನ ಹಳೆಯ ಗೆರೆಗಳಂಥವೇ ಗೆರೆಗಳನ್ನು ಕಂಡಳು. ಸೆನ್ಸರಿನ ಮೇಲೊಂದು ಗಾಜಿರುತ್ತದಂತೆ, ಜಿಡ್ಡು ಕೂರುವುದು ಅದರ ಮೇಲಂತೆ. ರಬ್ಬರ್ ಬುಗ್ಗೆಯಿಂದ ಗಾಳಿ ಊದಿ, ಅದಕ್ಕೆಂದೇ ಸಿಗುವ ಬಟ್ಟೆಯಿಂದ ಒಂದು ಸಲ ಒರೆಸಿದರೆ ಹತ್ತು ನಿಮಿಷದ ಕೆಲಸ. ಕುನಾಲನಿಗೆ ಇದು ಗೊತ್ತಿರಲಿಲ್ಲವೆ? ಆವತ್ತಿನಿಂದ ಅವಳ ಮಾತು ಇನ್ನಷ್ಟು ಮೆಲ್ಲಗಾಯಿತು.

ಶ್ರಾವಣದಲ್ಲಿ, ಮುಂದಿನ ವರ್ಷದ ಕ್ಯಾಲೆಂಡರಿನ ಫೋಟೋಗಳು ಪೆನ್‌ಡ್ರೈವಿನಲ್ಲಿ ಅವಳ ಮನೆಗೆ ಬಂದವು. ಅವಳ ಕನ್ನಡ ಶುದ್ಧವೆಂದು ಫೋಟೋದ ಕೆಳಗಿನ ಬರಹ ಬರೆಯುವ ಕೆಲಸ ಪ್ರತಿ ವರ್ಷ ಅವಳಿಗೇ. ಹನ್ನೆರಡೂ ಕುನಾಲನವೇ. ಮನುಷ್ಯನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವನ ವಿದ್ಯೆಯ ಮೇಲೇಕೆ ಎಂದು, ಅವನು ಯಾವ ಲೆನ್ಸು, ಎಷ್ಟು ಬೆಳಕು ಇಟ್ಟಿದ್ದಾನೆಂದು ಒಂದೊಂದೇ ಫೈಲಿನ ವಿವರ ತೆಗೆದು ನೋಡಿದಳು. ಆ ವಿವರದಲ್ಲಿ ಕ್ಯಾಮೆರಾದ ನಂಬರೂ ಇತ್ತು. ಕೊನೆಯ ನಾಲ್ಕು ಅಂಕಿ 4173, ಎಲ್ಲೋ ಕಂಡ ಹಾಗಿತ್ತು. ಕೂಡಲೇ ಕುರ್ಚಿ ಹತ್ತಿ ಅಟ್ಟದಿಂದ ತನ್ನ ಕ್ಯಾಮೆರಾದ ಖಾಲಿ ಡಬ್ಬಿ ಇಳಿಸಿದಳು. ಡಬ್ಬಿಯ ಮೇಲೂ ಅದೇ ನಂಬರು.

ವಿಷಯ ಕೇಳಿದ್ದೇ ಶ್ರೇಣಿಕ ಚಪ್ಪಲಿ ಮೆಟ್ಟಿ ನಿಂತುಬಿಟ್ಟ. "ನಡಿ, ಈಗ ಚಿಕ್ಕೋಡಿಗೆ ಹೋಗಿ ಅವನ ಅಂಗಡ್ಯಾಗ ನಿಂತ ಕೇಳೂಣು."

"ಬ್ಯಾಡ್ರಿ," ಎಂದಳು ತ್ರಿಶಲಾ, ಬಹಳ ಮೆಲ್ಲಗೆ. "ಅಂಗಡ್ಯಾಗ ಕೇಳಿದರ ಅಂವ ಅಂಗಡ್ಯಾಗ ಮಾಫಿ ಕೇಳತಾನ. ನನ್ನ ನಗಿಗೇಡ ಮಾಡಿದ್ದು ಇಡೀ ಸಮಾಜದ ಮುಂದ."

ತಿಂಗಳೊಪ್ಪತ್ತು ಬಾಯಿ ಹೊಲಿದುಕೊಂಡು ಕಾದಳು. ಭಾದ್ರಪದದ ಹತ್ತು ದಿನಗಳ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಆವತ್ತು ಎಲ್ಲರೂ ಬಸದಿಯ ಭವನದಲ್ಲಿ ಸೇರಿ, ವರ್ಷದಲ್ಲಿ ಮಾಡಿದ, ಆಡಿದ, ಮನಸ್ಸಿನಲ್ಲಿ ಎಣಿಸಿದ ತಪ್ಪಿಗೆಲ್ಲ ಪರಸ್ಪರ ಕ್ಷಮೆ ಕೇಳುತ್ತಾರೆ. ಕೇಳಿದವರಿಗೆ ಕ್ಷಮೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಕುನಾಲ ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡೇ ಎಲ್ಲರಿಗೂ ಕೈಮುಗಿಯುತ್ತ "ಉತ್ತಮ ಕ್ಷಮಾ, ಉತ್ತಮ ಕ್ಷಮಾ" ಎಂದು ಕರಪತ್ರ ಹಂಚಿದ ಹಾಗೆ ಹಂಚುತ್ತ ಓಡಾಡುತ್ತಿದ್ದ. ಅಧ್ಯಕ್ಷ ಅಭಿನಂದನ ಅವರು, ಯಾರಾದರೂ ಎಲ್ಲರೆದುರು ಕೇಳುವುದಿದ್ದರೆ ಬರಬೇಕೆಂದು ಮೈಕು ಮುಂದೆ ಮಾಡಿದರು. ತ್ರಿಶಲಾ ಎದ್ದು ಹೋಗಿ ಕೈಮುಗಿದಳು.

"ಕುನಾಲ ತಮ್ಮಾ, ನಿನ್ನ ಬಗ್ಗೆ ನನ್ನ ಮನಸಿನ್ಯಾಗ ಭಾಳ ಕೆಟ್ಟ ವಿಚಾರ ಬಂದೈತಿ, ಕ್ಷಮಾ ಮಾಡಪಾ. ಸತ್ತೈತಿ ಅಂತ ನೀ ಇಟ್ಕೊಂಡ ನನ್ನ ಕ್ಯಾಮೆರಾದಾಗ ಈ ಸಲದ ಕ್ಯಾಲೆಂಡರಿಗೆ ಫೋಟೋ ತಗದಿ ಅಂತ ನನಗ ಅನಿಸಿಬಿಟ್ಟೈತಿ. ನಿನ್ನ ಫೈಲಿನ್ಯಾಗ ಇರೂ ನಂಬರೂ ನನ್ನ ಡಬ್ಬಿ ಮ್ಯಾಲಿನ ನಂಬರೂ ಒಂದೇ ಆಗೈತಿ. ಡಬ್ಬಿ ತಂದೇನಿ, ನಿನ್ನ ಕೊಳ್ಳಾಗಿಂದ ಸ್ವಲ್ಪ ತಿರುವಿ ತೋರಸ. ನನ್ನ ತಿಳುವಳಿಕಿ ತಪ್ಪ ಇದ್ದರ ಎಲ್ಲಾರ ಮುಂದ ನಿನ್ನ ಕಾಲ ಹಿಡೀತೇನಿ."

ಕ್ಷಮಿಸಿದೆ ಎಂದರೆ ಒಪ್ಪಿಕೊಂಡಂತೆ, ಕ್ಷಮಿಸುವುದಿಲ್ಲ ಎಂದರೆ ಈ ದಿನ ಆಡಬಾರದ ಮಾತು. ಕುನಾಲನ ಕೈ ನಂಬರಿದ್ದ ಕ್ಯಾಮೆರಾದ ತಳವನ್ನು ಮುಚ್ಚಿಕೊಂಡಿತು. ಅಷ್ಟು ಸಾಕಾಯಿತು. ಹೆಂಗಸರ ಸಾಲಿನಿಂದ ಲಕ್ಷ್ಮಿಬಾಯಿಯವರ ಸಣ್ಣ ದನಿ ಬಂತು.

"ಕುನಾಲ, ನಾ ಮೂರ ದಿನಾ ಉಪಾಸ ಇದ್ದಾಗ ಅದು ನಿನ್ನ ಕೊಳ್ಳಾಗ ಜೀವಂತ ಇತ್ತೇನೋ?"

ಹಿಂದೆ ಬಿದ್ದುಬಿದ್ದು ನಕ್ಕವರೆಲ್ಲ ಈಗ ಅವನನ್ನೇ ನೋಡುತ್ತಿದ್ದರು. ತ್ರಿಶಲಾಗೆ ಆ ನೋಟ ಹೊಟ್ಟೆ ತುಂಬ ಉಂಡಷ್ಟು ಹಿತವಾಯಿತು. ಅದಕ್ಕಾಗಿ ಆಮೇಲೂ ಅವಳು ನಾಚಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ಕುನಾಲ ಕ್ಯಾಮೆರಾ ಹಿಡಿದು ನಿಪ್ಪಾಣಿಯ ಮನೆ ಬಾಗಿಲಿಗೆ ಬಂದ. ಅವಳು ಅದನ್ನು ಇಸಿದುಕೊಂಡು ಮೊದಲು ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದಳು. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ. ತಲೆಯೆತ್ತಿದಾಗ ಅವನು ಹೊಸ್ತಿಲಾಚೆ ಕೈಮುಗಿದು ನಿಂತಿದ್ದ. ಬಾಗಿಲ ಸಂದಿಯ ಬೆಳಕು ಅವನ ಅರ್ಧ ಮುಖದ ಮೇಲೆ ಬಿದ್ದಿತ್ತು, ಕಣ್ಣುಗಳು ನೆಲ ನೋಡುತ್ತಿದ್ದವು.

"ವೈನಿ, ತಪ್ಪಾತ್ರಿ. ಕ್ಷಮಾ ಮಾಡ್ರಿ."

"ಹಂಗ ನಿಂದ್ರ ತಮ್ಮಾ, ಅಳ್ಳಾಡಬ್ಯಾಡ," ಎಂದು ಅವಳು ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು.

ಕುನಾಲನ ಹನ್ನೆರಡು ಫೋಟೋಗಳನ್ನು ಸಮಿತಿಯವರು ಕ್ಯಾಲೆಂಡರಿನಿಂದ ತೆಗೆದುಹಾಕಿ ಊರವರಿಂದ ಹೊಸದು ಕೇಳಿದರು. ತ್ರಿಶಲಾ ಒಂದೇ ಒಂದು ಕಳಿಸಿದಳು. ಇಂಥ ಪಶ್ಚಾತ್ತಾಪದ ಮುಖ ತಾವು ಎಲ್ಲೂ ಕಂಡಿಲ್ಲ, ಕ್ಷಮಾವಾಣಿಯ ತಿಂಗಳಿಗೆ ಇದೇ ಸರಿ ಎಂದರು ಅಭಿನಂದನ. ಆದರೆ ಕ್ಯಾಲೆಂಡರ್ ಮಾಡಿಕೊಡುವ ಕೆಲಸ ಮೊದಲೇ ಒಪ್ಪಿಸಿಯಾಗಿತ್ತು. ಹೀಗಾಗಿ ಕುನಾಲ ತನ್ನ ಕಂಪ್ಯೂಟರಿನಲ್ಲಿ ತಾನೇ ಕೂತು ತನ್ನ ಮುಖವನ್ನು ಪುಟಕ್ಕೆ ಹೊಂದಿಸಿ, ಕೆಳಗೆ 'ಉತ್ತಮ ಕ್ಷಮಾ. ಫೋಟೋ: ತ್ರಿಶಲಾ ಶ್ರೇಣಿಕ' ಎಂದು ಅವಳೇ ಬರೆದುಕೊಟ್ಟದ್ದನ್ನು ಸೇರಿಸಿ, ಎಂಟು ನೂರು ಪ್ರತಿ ಅಚ್ಚು ಹಾಕಿಸಬೇಕಾಯಿತು.

ಜನವರಿಯಲ್ಲಿ ಕ್ಯಾಲೆಂಡರ್ ಮನೆಗೆ ಬಂತು. ಲಕ್ಷ್ಮಿಬಾಯಿ ಕನ್ನಡಕ ಹಾಕಿಕೊಂಡು ಸಪ್ಟೆಂಬರಿನ ಹಾಳೆ ತೆಗೆದು ಬಹಳ ಹೊತ್ತು ನೋಡಿದರು. ನಗು ತಡೆಯಲು ಸೆರಗು ಬಾಯಿಗೆ ಹಿಡಿದರು. ಆಮೇಲೆ ವ್ರತ ಹಿಡಿದವರು ತಾವೆಂಬುದು ನೆನಪಾಗಿ ಗಂಭೀರರಾದರು.

"ಈಗರ ಅವನ್ನ ಕ್ಷಮಾ ಮಾಡಿದೇನವ್ವಾ?"

ತ್ರಿಶಲಾ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು.

"ಸಪ್ಟೆಂಬರ್ ಬಂದ ಮುಗೀಲ್ರಿ ಅತ್ತಿ. ಹಾಳಿ ತಿರುವಿದ ಮ್ಯಾಲೆ ನೋಡೂಣು."