ಭಾವನ ತಪ್ಪುಕಾಣಿಕೆ

ಭಾವನ ಬಲಗೈ ಎಡಗೈಗಿಂತ ದಪ್ಪ. ಇಪ್ಪತ್ತು ವರ್ಷ ಗಲ್ಫಿನ ಮನಾಮಾದ ಹೋಟೆಲೊಂದರಲ್ಲಿ ಮೀನು ಕಡಿದ ಕೈ ಅದು. ಮಣಿಕಟ್ಟಿನಿಂದ ಮೊಣಕೈಯವರೆಗೆ ಅಂಜಲ್ ಮೀನಿನ ಹಲ್ಲು ಗೀರಿದ ಬಿಳಿ ಗೆರೆಗಳು. ಜೀವವಿರುವ ಮೀನನ್ನು ಕಲ್ಲಿಗೆ ಬಡಿದು, ಬಾಲ ಅಲ್ಲಾಡುತ್ತಿರುವಾಗಲೇ ಹೊಟ್ಟೆ ಸೀಳುತ್ತಿದ್ದರು. ಅದೇ ಕೈ, ನಾವು ಮೂವರೂ ಇದ್ದ ರಿಫಾದ ಫ್ಲ್ಯಾಟಿನಲ್ಲಿ, ನನ್ನ ಅಕ್ಕನ ಮೇಲೆ ಬೀಳುತ್ತಿತ್ತು.

ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಫೋನು ಎತ್ತಲು ತಡವಾದರೆ ಏಟು. ಒಮ್ಮೆ ನಡುವೆ ಹೋದ ನನ್ನ ಮುಂದಿನ ಹಲ್ಲು ಮುರಿಯಿತು. ಮಾರನೆಯ ದಿನ ಅವರೇ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದರು, ದಾರಿಯಲ್ಲಿ ಕರಕ್ ಚಹಾ ಬೇರೆ ಕುಡಿಸಿದರು. ಆ ಉಪಚಾರ ನನಗೆ ಏಟಿಗಿಂತ ಅಸಹ್ಯ. "ಕೈ ತಡೆಯುವುದಿಲ್ಲ ಮಾರಾಯ" ಅನ್ನುವುದು ಅವರ ಮಾಮೂಲು ಮಾತು, ಕೈ ಬೇರೆ ಯಾರದೋ ಎಂಬಂತೆ.

ಅಕ್ಕ ಆರು ತಿಂಗಳ ಬಸುರಿಯಾಗಿದ್ದಾಗ ತಡೆಯದೆ ಹೋದದ್ದು ಕಾಲು. ಹೊಟ್ಟೆಗೆ ಒದ್ದರು. ಮಗು ಸತ್ತೇ ಹುಟ್ಟಿತು. ಮೆಟ್ಟಿಲಿಂದ ಬಿದ್ದೆ ಎಂದು ಅಕ್ಕ ಆಸ್ಪತ್ರೆಯಲ್ಲಿ ಹೇಳಿದಳು. ಪಕ್ಕದಲ್ಲಿ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ. ಅದಕ್ಕೆ ನನ್ನನ್ನು ನಾನೇ ಇನ್ನೂ ಕ್ಷಮಿಸಿಲ್ಲ. ಆಮೇಲೆ ಆ ಮಗುವಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹತ್ತು ವರ್ಷದ ನಂತರ ಹೋಟೆಲಿನವರು ಜಪಾನಿ ಅಡುಗೆ ಶುರುಮಾಡುವವರಿದ್ದರು. ಅಲ್ಲಿಯ ರೀತಿಯಲ್ಲಿ ಮೀನು ಕಡಿಯಲು ಕಲಿತು ಬರಲೆಂದು ಭಾವನನ್ನು ಜಪಾನಿನ ಯಾಮಾಗುಚಿ ಸೀಮೆಯ ಸಣ್ಣ ಬಂದರೊಂದಕ್ಕೆ ಕಳಿಸಿದರು. ಅದೇ ಹೋಟೆಲಿನ ಸ್ಟೋರಿನಲ್ಲಿದ್ದ ನಾನು, ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ, ಅವರ ಜೊತೆಗೆ.

ರಜೆಯ ದಿನ, ಅಷ್ಟಿಷ್ಟು ಇಂಗ್ಲಿಷ್ ಬಲ್ಲ ಅಲ್ಲಿಯ ಮುದುಕರೊಬ್ಬರು ಊರು ತೋರಿಸಿದರು. ಹಿಂದೆ ತಿಮಿಂಗಿಲ ಹಿಡಿಯುತ್ತಿದ್ದ ಊರದು. ಬಲೆಗೆ ಓಡಿಸಿ, ಈಟಿಯಿಂದ ಇರಿದು, ಇನ್ನೂ ಒದ್ದಾಡುತ್ತಿರುವಾಗಲೇ ಒಬ್ಬ ಅದರ ಮೇಲೆ ಹಾರಿ ಮೂಗು ಕೊರೆದು ಹಗ್ಗ ಪೋಣಿಸುತ್ತಿದ್ದನಂತೆ. ಕೊಲ್ಲಿಯ ನೀರೆಲ್ಲ ಕೆಂಪಾಗುತ್ತಿತ್ತಂತೆ. ಭಾವನಿಗೆ ಖುಷಿಯೋ ಖುಷಿ. ಎಲ್ಲಿ ಇರಿದರೆ ಬೇಗ ಸಾಯುತ್ತದೆ ಕೇಳು ಎಂದು ನನ್ನ ಜೀವ ತಿಂದರು.

ಆಮೇಲೆ ಮುದುಕರು ಗುಡ್ಡದ ಮೇಲೆ, ಕಡಲಿಗೆ ಮುಖ ಮಾಡಿದ ಒಂದು ಕಲ್ಲಿನ ಮುಂದೆ ನಿಂತರು. ಸೀಳಿದ ತಿಮಿಂಗಿಲದ ಹೊಟ್ಟೆಯಲ್ಲಿ ಮರಿ ಸಿಕ್ಕರೆ ತಿನ್ನದೆ ಇಲ್ಲಿ ಹೂಳುತ್ತಿದ್ದರಂತೆ. ಕೊಂದ ತಿಮಿಂಗಿಲಗಳಿಗೆ ಸತ್ತ ಮನುಷ್ಯರಿಗಿಡುವಂಥ ಹೆಸರಿಟ್ಟು ದೇವಸ್ಥಾನದ ಪುಸ್ತಕದಲ್ಲಿ ಬರೆಯುತ್ತಿದ್ದರಂತೆ.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಭಾವ ಚಪ್ಪಲಿ ಬಿಟ್ಟಿದ್ದರು. ನಮ್ಮೂರಲ್ಲಿ ತಪ್ಪು ಮಾಡಿದವರು ದೈವದ ಮುಂದೆ ತಪ್ಪುಕಾಣಿಕೆ ಇಡುವ ಹಾಗೆ, ಜೇಬಿನಲ್ಲಿದ್ದ ನೂರು ಫಿಲ್ಸಿನ ನಾಣ್ಯವನ್ನು ಕಲ್ಲಿನ ಬುಡದಲ್ಲಿಟ್ಟು ಅಡ್ಡಬಿದ್ದರು. ಮುದುಕರೂ ಪಾಪ, ಜೊತೆಗೆ ಬಗ್ಗಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

"ಭಾವ, ಕಲ್ಲಿಗೆ ಯಾಕೆ? ಅಕ್ಕನಿಗೆ ಹೇಳಿ," ಅಂದೆ. ಏಟು ಬಿದ್ದೀತೆಂದು ದವಡೆ ಬಿಗಿಹಿಡಿದಿದ್ದೆ. ಬೀಳಲಿಲ್ಲ.

ರಿಫಾಕ್ಕೆ ಮರಳಿದ ಭಾವ ಸೂಟ್‌ಕೇಸ್ ಕೂಡ ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಕ್ಕ ಬೂತಾಯಿ ಮೀನು ಶುಚಿಮಾಡುತ್ತಿದ್ದಳು.

"ನನ್ನಿಂದ ತಪ್ಪಾಯಿತು. ಮಗುವಿಗೊಂದು ಹೆಸರಿಡುವ," ಅಂದರು.

ಅಕ್ಕ ತಲೆಯೆತ್ತಲಿಲ್ಲ. "ನಾನು ಆವತ್ತೇ ಇಟ್ಟಾಗಿದೆ. ನಿಮಗೆ ಹೇಳುವುದಿಲ್ಲ."

ಭಾವನ ಬಲಗೈ ಮೇಲೆದ್ದಿತು. ಅದನ್ನು ಎಡಗೈಯಿಂದ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಕುಳಿತರು. ಅಂದಿನಿಂದ ಆ ಕೈ ಮತ್ತೆ ಏಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ನಿಜ. ಆದರೂ ಅಲ್ಲಿಂದಾಚೆಯ ವರ್ಷಗಳನ್ನು ಅಕ್ಕ ಏಟಿಲ್ಲದೆ ಕಳೆದಳು. ಆ ಋಣ ನನಗಿದೆ, ಅದು ಆ ಕಲ್ಲಿಗೋ ಭಾವನಿಗೋ ತಿಳಿಯದು.

ಪ್ರತಿ ವರ್ಷ ಮಗು ಹೋದ ದಿನ ಭಾವ ಹೆಸರು ಕೇಳುತ್ತಿದ್ದರು. ಅಕ್ಕ ಪಾತ್ರೆ ತೊಳೆಯುತ್ತಲೇ ಇರುತ್ತಿದ್ದಳು. ಹೋದ ವರ್ಷ ಆಸ್ಪತ್ರೆಯಲ್ಲಿ, ಆ ದಪ್ಪ ಕೈ ಸೊರಗಿ ಹಾಸಿಗೆಗೆ ಅಂಟಿದ್ದಾಗ, ಕೊನೆಯ ಸಲ ಕೇಳಿದರು. ಅಕ್ಕ ಅವರ ಮುಖದ ಹತ್ತಿರ ಬಗ್ಗಿದಳು. ಈಗ ಹೇಳುತ್ತಾಳೆಂದು ನಾನು ಹೊರಗೆ ಹೋಗಲು ಎದ್ದೆ. ಅವಳು ಚಮಚದಲ್ಲಿ ನೀರು ಬಿಟ್ಟು, ತುಟಿ ಒರೆಸಿ, ಮತ್ತೆ ಕುರ್ಚಿಯಲ್ಲಿ ಕುಳಿತಳು. ಹೆಸರು ಹೇಳಲಿಲ್ಲ.