ಬ್ಯಾಟರಿ ಇಲ್ಲದೆ ಬಂದ ಹನ್ನೊಂದು ಅಂಕಿಗಳು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಮಡಚಿ ಇಡುತ್ತಿದ್ದೆ. ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಸಹಾಯಕಿಯಾಗಿದ್ದವಳು ನಾನು. ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗಿ ಕಾಫಿಗಿಡುತ್ತಿದ್ದೆ. ಈಗ ನಾನು ಈ ವಿಷಯ ಎತ್ತಿದರೆ ನನ್ನ ನಾದಿನಿ ಎದ್ದು ಹೋಗುತ್ತಾಳೆ. ಹೋಗಲಿ. ಎರಡು ವರ್ಷದ ಹಿಂದೆ, ಹಾಡಹಗಲೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಿವೃತ್ತಿಯ ನಂತರ ಜಯನಗರದಲ್ಲಿ ಭಾನುವಾರದ ತರಗತಿಯೊಂದಕ್ಕೆ ಸೇರಿದ್ದೆ. ನೀರು, ಗಾಳಿ ಹೇಗಿದೆ ಎಂದು ಅಳೆದು ಇಂಟರ್‌ನೆಟ್ ಮೂಲಕ ಫೋನಿಗೆ ಕಳಿಸುವ ಸೆನ್ಸರ್ ಪೆಟ್ಟಿಗೆಗಳನ್ನು ಮಾಡುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದರು. ಕಲಿಸುವ ಸಹನಾಗೆ ಇನ್ನೂ ಮೂವತ್ತಾಗಿರಲಿಲ್ಲ. ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡೆ, ಮೂರು ಸೆನ್ಸರ್ ಹಾಳು ಮಾಡಿದೆ. ನಾಲ್ಕನೆಯದು ಕೆಲಸ ಮಾಡಿತು.

ಅದನ್ನು ಗೊಟ್ಟಿಗೆರೆಯ ನಮ್ಮ ಮನೆಯ ಹತ್ತಿರದ ಒಂದು ಸಣ್ಣ ಕೆರೆಯಲ್ಲಿ, ಕಾಲುವೆ ಬಂದು ಸೇರುವ ಕಡೆ, ಕಂಬಕ್ಕೆ ಕಟ್ಟಿಕೊಟ್ಟವರು ಮುನಿಯಪ್ಪ. ಆ ಕೆರೆಯ ನೀರಿನಲ್ಲಿ ಹಿಂದೆ ಅವರ ಮನೆಯವರು ರಾಗಿ, ತರಕಾರಿ ಬೆಳೆಯುತ್ತಿದ್ದರು. ಈಗ ಅದೇ ಜಾಗದಲ್ಲಿ ಅವರ ಬಾಡಿಗೆ ಮನೆಗಳಿವೆ. ಆ ವರ್ಷ ಎರಡು ಸಲ ಮೀನು ಸತ್ತು ತೇಲಿದ್ದವು. ಯಾರು, ಯಾವಾಗ, ಏನು ಸುರಿಯುತ್ತಾರೆಂದು ಹಿಡಿಯಬೇಕೆಂಬ ಹಟ ನಮ್ಮಿಬ್ಬರಿಗೂ ಇತ್ತು. ಪೆಟ್ಟಿಗೆ ಐದು ನಿಮಿಷಕ್ಕೊಮ್ಮೆ ನೀರಿನ ಶಾಖವನ್ನೂ ಬಗ್ಗಡವನ್ನೂ ಅಳೆದು ಕಳಿಸುತ್ತಿತ್ತು.

ಒಂದು ಶನಿವಾರ ಪೆಟ್ಟಿಗೆಯೊಳಗೆ ನೀರು ಜಿನುಗಿದ್ದು ಕಂಡು ಬಿಚ್ಚಿ ತಂದೆ. ಮರುದಿನ ತರಗತಿಯಲ್ಲಿ ಅದರ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು ಅಂಟು ಹಚ್ಚುತ್ತಿದ್ದೆ. ಬ್ಯಾಟರಿ ನನ್ನ ಕೈಚೀಲದಲ್ಲಿತ್ತು. ಹತ್ತೂವರೆಗೆ ಫೋನ್ ಸದ್ದು ಮಾಡಿತು. ನೋಡಿದರೆ ಅದೇ ಪೆಟ್ಟಿಗೆಯಿಂದ ಅಂಕಿ ಬಂದಿತ್ತು, ಇಪ್ಪತ್ತೈದು ಡಿಗ್ರಿ. ಐದು ನಿಮಿಷಕ್ಕೆ ಮತ್ತೊಂದು. ನಾಲ್ಕನೆಯ ಅಂಕಿಯಿಂದ ಶಾಖವೂ ಬಗ್ಗಡವೂ ಏರತೊಡಗಿದವು.

"ಹಳೇ ಡೇಟಾ ಎಲ್ಲೋ ಸಿಕ್ಕಾಕೊಂಡು ಈಗ ಬರ್ತಿದೆ ಆಂಟಿ," ಎಂದಳು ಸಹನಾ.

"ನಮ್ಮ ಕೆರೆ ಯಾವತ್ತೂ ಮೂವತ್ತೆಂಟು ಡಿಗ್ರಿಗೆ ಹೋಗಿಲ್ಲ ಕಣಮ್ಮ. ಇದು ಯಾವ ಹಳೇದು?"

ಮುನಿಯಪ್ಪನವರಿಗೆ ಫೋನ್ ಮಾಡಿದೆ. ಅವರು ಕಾಲುವೆವರೆಗೂ ಹೋಗಿ ನೋಡಿ, "ದಿನಾ ಹೆಂಗದೋ ಹಂಗೇ ಅದೆ ಮೇಡಂ, ಯಾವನೂ ಬಂದಿಲ್ಲ," ಎಂದರು. ತರಗತಿಯಲ್ಲಿ ಯಾರೋ ನಕ್ಕರು. ನನಗೆ ಸಿಟ್ಟು ಬಂತು. ಪೆಟ್ಟಿಗೆಯನ್ನು ಚೀಲಕ್ಕೆ ತುಂಬಿಕೊಂಡು ಆಟೋ ಹತ್ತಿದೆ. ದಾರಿಯಲ್ಲಿ ಹನ್ನೊಂದನೆಯ ಅಂಕಿ ಬಂದು, ಅಲ್ಲಿಗೆ ನಿಂತಿತು.

ಕೆರೆ ಶಾಂತವಾಗಿತ್ತು. ಬಂದದ್ದಕ್ಕಾದರೂ ಆಗಲೆಂದು ಬ್ಯಾಟರಿ ಹಾಕಿ ಪೆಟ್ಟಿಗೆಯನ್ನು ಮತ್ತೆ ಕಂಬಕ್ಕೆ ಕಟ್ಟಿಸಿದೆ. ಕಾಲು ಗಂಟೆಯೂ ಆಗಿರಲಿಲ್ಲ, ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ್ದ ಟ್ಯಾಂಕರೊಂದು ಬಂದು ಕಾಲುವೆಗೆ ಪೈಪ್ ಇಳಿಸಿತು. ಹಬೆಯಾಡುವ ನೀಲಿ ನೀರು. ಮುನಿಯಪ್ಪ ತಮ್ಮ ಸ್ಕೂಟರನ್ನು ಟ್ಯಾಂಕರಿಗೆ ಅಡ್ಡ ಹಾಕಿದರು. ನಾನು ವಿಡಿಯೋ ಮಾಡತೊಡಗಿದೆ.

"ಯಾರಮ್ಮಾ ನೀನು? ನಿಲ್ಸು ಅದನ್ನ!" ಎಂದು ಡ್ರೈವರ್ ಮೈಮೇಲೆ ಬಂದ.

"ನಿಲ್ಸಲ್ಲ. ಮೊದ್ಲು ನೀನು ಪೈಪ್ ನಿಲ್ಸು."

ಅಷ್ಟರಲ್ಲಿ ಬಾಡಿಗೆ ಮನೆಗಳ ಜನ ಓಡಿ ಬಂದರು. ಅವನು ಪೈಪ್ ಎತ್ತುವ ಹೊತ್ತಿಗೆ ಮುಕ್ಕಾಲು ಟ್ಯಾಂಕರ್ ಖಾಲಿಯಾಗಿತ್ತು.

ಸಂಜೆ ಮನೆಯಲ್ಲಿ ಫೋನ್ ತೆರೆದು ನೋಡಿದೆ. ಕೆರೆಯಲ್ಲಿ ಕಟ್ಟಿದ ಮೇಲೆ ಪೆಟ್ಟಿಗೆ ಹನ್ನೊಂದು ಅಂಕಿ ಕಳಿಸಿತ್ತು. ಆಮೇಲೆ ಅಂಟು ಬಿಟ್ಟು, ನೀರು ನುಗ್ಗಿ ಸತ್ತಿತ್ತು. ಬೆಳಿಗ್ಗೆ ಬಂದ ಹನ್ನೊಂದರ ಪಕ್ಕದಲ್ಲಿ ಅವನ್ನು ಬರೆದುಕೊಂಡೆ. ಶಾಖ, ಬಗ್ಗಡ ಎರಡೂ, ದಶಾಂಶದವರೆಗೂ ಒಂದೇ. ಮತ್ತೊಮ್ಮೆ ಸಾಲು ಸಾಲಾಗಿ ಹೋಲಿಸಿ ನೋಡಿದೆ. ಬೆಳಗಿನವು ಬಾರದಿದ್ದರೆ ನಾನು ಹೋಗುತ್ತಿರಲಿಲ್ಲ, ಪೆಟ್ಟಿಗೆಯೂ ಆ ನೀರಿನಲ್ಲಿ ಇರುತ್ತಿರಲಿಲ್ಲ.

ದೂರು ಕೊಡುವ ಮುನ್ನ ಸಹನಾ ಮನೆಗೆ ಬಂದು ಬೇಡಿಕೊಂಡಳು. "ಬೆಳಗಿನದು ಡಿಲೀಟ್ ಮಾಡ್ಬಿಡಿ ಆಂಟಿ. ಅದೊಂದಿದ್ರೆ ಮಿಕ್ಕಿದ್ದನ್ನೂ ಯಾರೂ ನಂಬಲ್ಲ."

ಅವಳು ಹೇಳಿದ್ದು ಸರಿಯೇ. ಆದರೆ ಬೇಕಾದ ಉತ್ತರ ಬರಲಿಲ್ಲವೆಂದು ರೀಡಿಂಗ್ ಅಳಿಸುತ್ತಿದ್ದ ಎಷ್ಟು ಮಕ್ಕಳನ್ನು ನಾನು ಬೈದಿದ್ದೇನೆ! ಎರಡೂ ಪಟ್ಟಿಯನ್ನು ಕೊಟ್ಟೆ. ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಅಧಿಕಾರಿ ಕನ್ನಡಕ ತೆಗೆದು, "ಕಾಪಿ ಪೇಸ್ಟ್ ಥರ ಇದೆಯಲ್ಲ ಮೇಡಂ," ಎಂದರು.

"ನೋಡೋಕೆ ಹಾಗೇ ಇದೆ ಸಾರ್. ಆದ್ರೆ ಎರಡೂ ಬಂದಿರೋದು ನಿಜ."

ಅವರು ವಿಡಿಯೋ ಇಟ್ಟುಕೊಂಡು ಅಂಕಿಗಳನ್ನು ಹಿಂದಿರುಗಿಸಿದರು. ಟ್ಯಾಂಕರ್ ಮತ್ತೆ ಬಂದಿಲ್ಲ; ಆ ದಾರಿಗೆ ಮುನಿಯಪ್ಪ ಕಲ್ಲು ನೆಡಿಸಿದ್ದಾರೆ. "ಕೆರೆನೇ ನಿಮ್ಮನ್ನ ಕರೀತು," ಎನ್ನುತ್ತಾರೆ ಅವರು. ಅದನ್ನೂ ನಾನು ಒಪ್ಪಿಲ್ಲ. ಏನೋ ಸಾಫ್ಟ್‌ವೇರ್ ತೊಂದರೆ ಎನ್ನುವ ಸಹನಾ ಇಂದಿಗೂ ಆ ತೊಂದರೆ ಯಾವುದೆಂದು ತೋರಿಸಿಲ್ಲ.

ಈಗ ಆ ಕಂಬದಲ್ಲಿ ನಾನೇ ಮಾಡಿದ ಐದನೆಯ ಪೆಟ್ಟಿಗೆಯಿದೆ. ಈವರೆಗೆ ಅದರ ಅಂಕಿಗಳೆಲ್ಲ ಆಯಾ ಹೊತ್ತಿಗೇ ಬಂದಿವೆ. ಆದರೂ ಫೋನ್ ಸದ್ದು ಮಾಡಿದಾಗಲೆಲ್ಲ ನಾನು ಅಂಕಿ ಎಷ್ಟೆಂದು ನೋಡುವುದಕ್ಕೆ ಮೊದಲು ಕೆರೆ ಕಾಣುವ ಕಿಟಕಿಗೆ ಹೋಗಿ, ಪೆಟ್ಟಿಗೆ ಕಂಬದಲ್ಲೇ ಇದೆಯೇ ಎಂದು ನೋಡುತ್ತೇನೆ.